ಸೂಜಿಯಮ್ಮ ತಿದ್ದಿಸಿದ ಸಾಲು

ಬೆಳಗ್ಗೆ ಐದೂಮುಕ್ಕಾಲು. ಉಣ್ಣೆ ಬಟ್ಟೆಯ ಗಿರಣಿಯ ಮೂರನೇ ಮಹಡಿಯಲ್ಲಿ ಮೆಂಡಿಂಗ್, ಅಂದರೆ ಬಟ್ಟೆಯ ತಪ್ಪು ತಿದ್ದುವ ವಿಭಾಗದ ಉದ್ದನೆಯ ಕೋಣೆ. ಸಾಲಾಗಿ ಹನ್ನೆರಡು ಮೇಜು, ಎಲ್ಲವೂ ಕಿಟಕಿಯ ಕಡೆಗೆ ಇಳಿಜಾರಾಗಿವೆ. ದೀಪದ ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇದ್ದರೂ ಒಳಗೆ ಬಂದ ಹೆಂಗಸು ಅದನ್ನು ಮುಟ್ಟುವುದಿಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದು, ಒಣ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡು ಕೊನೆಯ ಮೇಜಿಗೆ ಬರುತ್ತಾರೆ. ಬೂದು ಬಣ್ಣದ ಕೋಟಿನ ಬಟ್ಟೆಯ ತಾನೊಂದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಆಮೇಲೆ ಕಣ್ಣು ಮುಚ್ಚಿಕೊಂಡು ಎರಡೂ ಅಂಗೈಗಳನ್ನು ಅದರ ಮೇಲಿಡುತ್ತಾರೆ.

ಬೆರಳುಗಳು ನಿಧಾನವಾಗಿ ನಡೆಯುತ್ತವೆ. ಒಂದು ಕಡೆ ನಿಲ್ಲುತ್ತವೆ. "ಇಲ್ಲಿದೆ ನೋಡಿ," ಎನ್ನುತ್ತಾರೆ. ನಾನು ನೋಡುತ್ತೇನೆ, ಏನೂ ಇಲ್ಲ. ಕನ್ನಡಕ ಒರೆಸಿಕೊಂಡು ನೋಡುತ್ತೇನೆ, ಆಗಲೂ ಏನೂ ಇಲ್ಲ. ಅವರು ಸೀಮೆಸುಣ್ಣದಲ್ಲಿ ಒಂದು ಸಣ್ಣ ಸುತ್ತು ಹಾಕಿ, ಚಿಮುಟದಿಂದ ಎಳೆಯೊಂದನ್ನು ಎತ್ತಿ ತೋರಿಸಿದ ಮೇಲೆ ಎಳ್ಳುಕಾಳಿನಷ್ಟು ಉದ್ದದ ನೂಲೊಂದು ತನ್ನ ದಾರಿ ಬಿಟ್ಟು ಹೋಗಿರುವುದು ಕಾಣುತ್ತದೆ.

"ಕಣ್ಣು ಸುಳ್ಳು ಹೇಳುತ್ತೆ, ಟ್ಯೂಬ್ ಲೈಟು ಅದರ ಪರವಾಗಿ ಸಾಕ್ಷಿ ಹೇಳುತ್ತೆ," ಎಂದು ನಗುತ್ತಾರೆ. "ಬೆಳಗಿನ ಬೆಳಕು ಯಾರ ಪರವೂ ಅಲ್ಲ. ಅದಕ್ಕೇ ಬೇಗ ಬರ್ತೀನಿ."

ಗಿರಣಿಯವರೆಲ್ಲ ಇವರನ್ನು ಸೂಜಿಯಮ್ಮ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೊಂದು. ಈ ಕೋಣೆಗೆ ಕಾಲಿಟ್ಟಾಗ ಇಪ್ಪತ್ತು. ಮಗ್ಗದಿಂದ ಇಳಿದ ಬಟ್ಟೆ ಗಿರಣಿ ದಾಟುವ ಮೊದಲು ಇವರ ಕೈಯಡಿ ಹಾದುಹೋಗಬೇಕು. ಅರವತ್ತು ಮೀಟರಿನ ಒಂದು ತಾನಿನಲ್ಲಿ ಏನಿಲ್ಲವೆಂದರೂ ಇಪ್ಪತ್ತು ಮೂವತ್ತು ತಪ್ಪು ಇರುತ್ತವೆ. ಎಲ್ಲೋ ಎಳೆ ತುಂಡಾಗಿರುತ್ತದೆ, ಎಲ್ಲೋ ಎರಡು ಎಳೆ ಒಂದಾಗಿರುತ್ತವೆ, ಎಲ್ಲೋ ಗಂಟು. ಇವರು ಅದೇ ನೂಲನ್ನು ಸೂಜಿಗೆ ಪೋಣಿಸಿ, ಮೇಲೊಂದು ಕೆಳಗೊಂದು ಎಳೆ ಹಿಡಿದು, ಮಗ್ಗ ಹೇಗೆ ನೇಯಬೇಕಿತ್ತೋ ಹಾಗೆಯೇ ಕೈಯಿಂದ ನೇಯುತ್ತಾರೆ. ದಿನಕ್ಕೆ ಒಂದೂವರೆ ತಾನು, ನಲವತ್ತರ ಆಸುಪಾಸು ತಪ್ಪು. ಹದಿನೈದು ವರ್ಷದಿಂದ ಒಂದೇ ಕೋಟು ಹಾಕಿಕೊಂಡು ಓಡಾಡುತ್ತಿರುವ ನನಗೆ ಅದರೊಳಗೆ ಇಂಥ ಒಂದು ಕೈ ಓಡಾಡಿರಬಹುದು ಎಂಬುದು ತಿಳಿದೇ ಇರಲಿಲ್ಲ. ತಿಳಿಯದಂತೆ ಮಾಡುವುದೇ ಇವರ ಕೆಲಸ. ನಾವು ಪತ್ರಿಕೆಯವರು ಎಲೆಮರೆಯ ಕಾಯಿ ಎಂದು ಬರೆಯಲು ಹುಡುಕುವುದು ಇಂಥವರನ್ನೇ.

ಮೇಜಿನ ತುದಿಯಲ್ಲಿ ದಪ್ಪ ರಟ್ಟಿನ ರಿಜಿಸ್ಟರ್ ಇದೆ. ತಾನಿನ ಸಂಖ್ಯೆ, ಮಗ್ಗದ ಸಂಖ್ಯೆ, ಅಂಚಿನಿಂದ ಎಷ್ಟು ದೂರ, ಯಾವ ಬಗೆಯ ತಪ್ಪು, ಹೀಗೆ ಕಾಲಂಗಳು. ತಲೆಬರಹವೆಲ್ಲ ಇಂಗ್ಲಿಷಿನಲ್ಲಿ. ಕೊನೆಯ ಕಾಲಂನ ಮೇಲೆ ಒಂದೇ ಒಂದು ಪದ: ರೆಕ್ಟಿಫೈಡ್. ಅದರ ಕೆಳಗೆ ಪುಟದುದ್ದಕ್ಕೂ ಸೂಜಿಯಮ್ಮನ ಸಹಿ.

"ಇಂಗ್ಲಿಷು ಬರುತ್ತಾ ಅಂತ ಕೇಳ್ಬೇಡಿ. ಒಂದು ಪದ ಬರುತ್ತೆ, ಅದು ಚೆನ್ನಾಗಿ ಬರುತ್ತೆ," ಎನ್ನುತ್ತಾರೆ.

ಆ ಪದ ಕಲಿಸಿದವರು ಆಗಿನ ದೊಡ್ಡ ಮೇಸ್ತ್ರಿ. ಈಗ ಅವರಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಈ ಹುಡುಗಿ ಆ ಕಾಲಂನಲ್ಲಿ 'ರಿಪೇರಿ' ಎಂದು ಬರೆದಿಟ್ಟಿದ್ದಳು. ಮೇಸ್ತ್ರಿ ಸಿಡುಕುವ ಬದಲು ಎದುರಿಗೆ ಸ್ಟೂಲು ಎಳೆದುಕೊಂಡು ಕೂತರಂತೆ. "ಹಾಕಿ ಹಾಕಿ ಸವೆದಿದ್ದಕ್ಕೆ ರಿಪೇರಿ ಅಂತಾರಮ್ಮ, ಅದು ತಪ್ಪಲ್ಲ, ವಯಸ್ಸು. ಇದು ಹುಟ್ಟುವಾಗಲೇ ಆದ ತಪ್ಪು. ಇದಕ್ಕೆ ರೆಕ್ಟಿಫೈ. ಆ ಪದ ಬರೀಬೇಕು ಅಂದ್ರೆ ಮೂರು ಕೆಲಸ ಆಗಿರಬೇಕು. ಸೂಜಿ ಹಾಕಿ ಸರಿ ಮಾಡಿರಬೇಕು. ಪುಸ್ತಕದಲ್ಲಿ ಬರೆದಿರಬೇಕು. ಮಗ್ಗದ ತಪ್ಪಾದ್ರೆ ಚೀಟಿ ಮಗ್ಗಕ್ಕೆ ಹೋಗಿರಬೇಕು. ಎರಡಾಗಿ ಒಂದು ಬಿಟ್ಟರೂ ಆ ಪದ ಬರೀಬೇಡ, ಸುಳ್ಳಾಗುತ್ತೆ."

ಚೀಟಿ ಎಂದರೆ ಅಂಗೈಯಗಲದ ಹಳದಿ ಕಾಗದ. ಗಂಟು, ತುಂಡು ಎಳೆಯಂಥ ನೂಲಿನ ತಪ್ಪಿಗೆ ಅದು ಬೇಕಿಲ್ಲ; ಮಗ್ಗದಿಂದ ಆದ ತಪ್ಪಾದರೆ ಯಾವ ಮಗ್ಗದ ಬಟ್ಟೆಯಲ್ಲಿ ಎಲ್ಲಿ ಬಂತು ಎಂದು ಬರೆದು ಕೆಳಮಹಡಿಗೆ ಕಳಿಸುತ್ತಾರೆ. ಮಗ್ಗದ ಮೆಕ್ಯಾನಿಕ್ ಅದನ್ನು ನೋಡಿ ಯಂತ್ರಕ್ಕೆ ಏನಾಗಿದೆ ಎಂದು ಹುಡುಕುತ್ತಾನೆ. ಬಟ್ಟೆ ಸರಿಯಾಗಿ ಮಗ್ಗ ಹಾಗೇ ಉಳಿದರೆ ನಾಳೆಯೂ ಅದೇ ತಪ್ಪು ಬರುತ್ತದೆಯಲ್ಲ.

ನನಗೆ ಪದಗಳ ಚಪಲ. ಮನೆಗೆ ಹೋಗಿ ಡಿಕ್ಷನರಿ ತೆಗೆದೆ. 'ಸರಿಪಡಿಸು, ತಿದ್ದು, ನೇರಗೊಳಿಸು' ಎಂದು ಮೂರು ಅರ್ಥ ಕೊಟ್ಟು ಕೈ ತೊಳೆದುಕೊಂಡಿತ್ತು. ಬಳಕೆಯ ಟಿಪ್ಪಣಿಯಲ್ಲಿ ಒಂದು ಮಾತು ಹಿಡಿಸಿತು. ತಪ್ಪನ್ನು, ದಾಖಲೆಯನ್ನು, ಕೆಟ್ಟ ಪರಿಸ್ಥಿತಿಯನ್ನು ರೆಕ್ಟಿಫೈ ಮಾಡಬಹುದು. ಮನುಷ್ಯರಿಗೆ ಈ ಕ್ರಿಯಾಪದ ಹೊಂದುವುದಿಲ್ಲ. ಮಾರನೆಯ ದಿನ ಇದನ್ನು ಸೂಜಿಯಮ್ಮನಿಗೆ ಹೇಳಿದೆ. "ಹೌದಲ್ವಾ ಮತ್ತೆ," ಎಂದರು, ಗೊತ್ತಿದ್ದದ್ದೇ ಎಂಬಂತೆ. "ಮನುಷ್ಯರಿಗೆ ಆ ಪದ ಹಾಕೋಕಾಗಿದ್ರೆ ನಮ್ಮ ಮನೆಯವರು ಎಂದೋ ಸರಿಯಾಗ್ತಿದ್ರು."

ಮಾತಿಗೆ ಮಾತು ಬಂದು ನಮ್ಮ ಪತ್ರಿಕೆಯ ತಿದ್ದುಪಡಿಯ ವಿಷಯ ಬಂತು. ಮುಖಪುಟದಲ್ಲಿ ಒಬ್ಬರನ್ನು ತಪ್ಪಾಗಿ ಕಳ್ಳ ಎಂದು ಬರೆದರೆ ನಾವು ಏನು ಮಾಡುತ್ತೇವೆ ಎಂದು ಕೇಳಿದರು. ಏಳನೇ ಪುಟದ ಮೂಲೆಯಲ್ಲಿ, ಬಾಡಿಗೆ ಮನೆಯ ಜಾಹೀರಾತುಗಳ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ವಿಷಾದಿಸುತ್ತೇವೆ ಎಂದು ಹೇಳಿದೆ. ಸೂಜಿಯಮ್ಮ ನೂಲು ಕತ್ತರಿಸುತ್ತ ನನ್ನ ಮುಖವನ್ನೊಮ್ಮೆ ನೋಡಿದರು. "ತಪ್ಪು ಎಲ್ಲಿ ಆಗಿದೆಯೋ ಅಲ್ಲಿಗೆ ಹೋಗ್ಬೇಕು ಸಾರ್. ಏಳನೇ ಪುಟಕ್ಕೆ ಹೋದ್ರೆ ಏನು ಬಂತು?" ಎಂದರು. ನಾನು ಚಹಾದ ಲೋಟದೊಳಗೆ ಮುಖ ಇಟ್ಟುಕೊಂಡೆ.

ನಾನು ಬಂದದ್ದು ಬೆರಳುಗಳ ಬಗ್ಗೆ ಒಂದು ಚೆಂದದ ಲೇಖನ ಬರೆದು ಹೋಗಲು. ಎರಡನೆಯ ದಿನದ ಚಹಾದ ಹೊತ್ತಿಗೆ ಆ ಆಸೆಗೆ ಕಲ್ಲು ಬಿತ್ತು.

"ನನ್ನ ಬಗ್ಗೆ ಬರೆಯೋದಾದ್ರೆ ಒಂದು ಕರಾರಿದೆ," ಎಂದರು. "ನಾನು ಮಾಡಿದ ಒಂದು ತಪ್ಪಿದೆ. ಅದನ್ನೂ ಬರೀಬೇಕು. ಅದು ಬೇಡ ಅಂದ್ರೆ ಇದೂ ಬೇಡ. ಬರೀ ಹೊಗಳಿಕೆ ನನಗೆ ಜೀರ್ಣ ಆಗಲ್ಲ."

ಆ ತಪ್ಪು ನಡೆದು ಇಪ್ಪತ್ತಾರು ವರ್ಷ. ಸೂಜಿಯಮ್ಮನ ಅಕ್ಕ ಇದೇ ಗಿರಣಿಯಲ್ಲಿ ನೂಲು ಸುತ್ತುವ ವಿಭಾಗದಲ್ಲಿದ್ದರು. ಒಂಬತ್ತು ವರ್ಷ ಸುತ್ತಿದ ಮೇಲೆ, ಬೇಡಿ ಕಾಡಿ, ಅವರಿಗೆ ಮಗ್ಗ ಸಿಕ್ಕಿತು. ಮೂವತ್ತೇಳನೇ ಮಗ್ಗ. ಆ ಸಾಲಿನಲ್ಲಿ ಅವರೊಬ್ಬರೇ ಹೆಂಗಸು. ಹೊಸ ನೇಕಾರರಿಗೆ ಒಂದು ನಿಯಮ ಇತ್ತು. ತಿಂಗಳಲ್ಲಿ ಹತ್ತು ಹಳದಿ ಚೀಟಿ ಬಂದರೆ ಮಗ್ಗದಿಂದ ಇಳಿಸಿ ಹಳೇ ಜಾಗಕ್ಕೆ ಕಳಿಸುತ್ತಿದ್ದರು. ನಾಲ್ಕನೇ ತಿಂಗಳ ಮೊದಲ ವಾರದಲ್ಲೇ ಅಕ್ಕನ ಮಗ್ಗಕ್ಕೆ ಒಂಬತ್ತು ಚೀಟಿ ಹೋಗಿಯಾಗಿತ್ತು.

"ಹತ್ತನೇ ತಪ್ಪು ನನ್ನ ಮೇಜಿಗೇ ಬಂತು," ಎನ್ನುತ್ತಾರೆ ಸೂಜಿಯಮ್ಮ. "ಜಿಗಿತ. ಅಂಚಿನಿಂದ ಒಂದು ಗೇಣು ಒಳಗೆ."

ಜಿಗಿತ ಎಂದರೇನೆಂದು ಇಲ್ಲಿ ಹೇಳಿಬಿಡಬೇಕು. ಮಗ್ಗದಲ್ಲಿ ಹಾಸಿನ ಎಳೆಗಳು ಅರ್ಧ ಮೇಲೆ, ಅರ್ಧ ಕೆಳಗೆ ಸರಿದು ಬಾಯಿ ತೆರೆಯುತ್ತವೆ. ಆ ಬಾಯಿಯೊಳಗಿಂದ ಲಾಳಿ ಹೊಕ್ಕಿನ ನೂಲನ್ನು ಹೊತ್ತು ಅತ್ತಿಂದಿತ್ತ ಓಡುತ್ತದೆ. ಎಲ್ಲಾದರೂ ಬಾಯಿ ಪೂರ್ತಿ ತೆರೆಯದಿದ್ದರೆ ಹೊಕ್ಕಿನ ನೂಲು ನಾಲ್ಕೈದು ಎಳೆಗಳನ್ನು ನೇಯದೆ ಹಾರಿ ಹೋಗುತ್ತದೆ. ಒಮ್ಮೆ ಹಾರಿದರೆ ಅದು ಬಟ್ಟೆಯ ತಪ್ಪು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾರಿದರೆ ಮಗ್ಗಕ್ಕೇ ಏನೋ ಆಗಿದೆ ಎಂದು ಅರ್ಥ. ಅಂಥ ಮಗ್ಗದಲ್ಲಿ ಲಾಳಿ ಎಳೆಗೆ ತಗುಲಿ, ದಾರಿ ತಪ್ಪಿ, ಹೊರಕ್ಕೆ ಹಾರುವುದೂ ಉಂಟು. ಲಾಳಿಯ ಎರಡೂ ತುದಿಗೆ ಲೋಹದ ಮೊನೆ ಇರುತ್ತದೆ.

ತಂಗಿ ಹಾರಿದ ನೂಲನ್ನು ಕತ್ತರಿಸಿ ತೆಗೆದು, ಅಲ್ಲಿ ಬೇರೆ ನೂಲು ನೇಯ್ದು ಆ ಜಿಗಿತವನ್ನು ಸರಿಮಾಡಿದಳು, ಬರೆಯಲಿಲ್ಲ. ಮರುದಿನ ಇನ್ನೊಂದು ಬಂತು, ಅದನ್ನೂ ಬರೆಯಲಿಲ್ಲ. ಮೂರು ವಾರದಲ್ಲಿ ನಾಲ್ಕು ತಾನು, ಹನ್ನೊಂದು ಜಿಗಿತ. ಎಲ್ಲವೂ ಅಂಚಿನಿಂದ ಅದೇ ಒಂದು ಗೇಣು. ಪುಸ್ತಕದಲ್ಲಿ ಮೂವತ್ತೇಳರ ಎದುರು 'ಮಗ್ಗದ ದೋಷ ಇಲ್ಲ' ಎಂದು ಬರೆದು ಸಹಿ ಹಾಕಿದಳು. ಅಕ್ಕನಿಗೂ ಹೇಳಲಿಲ್ಲ.

"ಒಂದೇ ಜಾಗದಲ್ಲಿ ಬರ್ತಿದೆ ಅಂತ ಬೆರಳಿಗೆ ಗೊತ್ತಾಗ್ತಿತ್ತು. ಅದರ ಅರ್ಥವೂ ಗೊತ್ತಿತ್ತು. ತಿಂಗಳು ಮುಗೀಲಿ, ಒಂದನೇ ತಾರೀಖು ಲೆಕ್ಕ ಹೊಸದಾಗುತ್ತೆ, ಆವತ್ತೇ ಚೀಟಿ ಬರೀತೀನಿ ಅಂದ್ಕೊಂಡಿದ್ದೆ. ಇನ್ನು ಆರು ದಿನ ಇತ್ತು."

ಆರು ದಿನ ಕಾಯಲಿಲ್ಲ. ಇಪ್ಪತ್ತೈದರ ಮಧ್ಯಾಹ್ನ ಲಾಳಿ ಹಾರಿ ಅಕ್ಕನ ಎಡಗಣ್ಣಿಗೆ ಬಡಿಯಿತು. ಕಣ್ಣು ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಅಕ್ಕನಿಗೆ ಆ ಕ್ಷಣದ ನೆನಪೇ ಇಲ್ಲ. ಮಗ್ಗದ ಸ್ಥಿತಿ ಹೇಗಿತ್ತು ಎಂದು ತಿಳಿಯಲು ಮೇಲಿನವರು ತರಿಸಿ ನೋಡಿದ್ದು ಸೂಜಿಯಮ್ಮನ ರಿಜಿಸ್ಟರ್. ಮೂರು ವಾರ ಮಗ್ಗದ ದೋಷ ಇಲ್ಲ. ಅಂದಮೇಲೆ ಮಗ್ಗ ಸರಿಯಾಗಿತ್ತು. ಮಗ್ಗ ಸರಿಯಾಗಿತ್ತು ಅಂದಮೇಲೆ ತಪ್ಪು ನೇಕಾರಳದು. ಅಪಘಾತ ಪುಸ್ತಕದಲ್ಲಿ 'ಕಾರಣ' ಎಂಬಲ್ಲಿ ಬರೆದರು: ನೇಕಾರಳ ಅಜಾಗರೂಕತೆ. ಮರುವಾರ ಆ ಮಗ್ಗದ ಹಳೇ ಭಾಗಗಳನ್ನೆಲ್ಲ ಕಿತ್ತು ಹೊಸದು ಹಾಕಿದ್ದರಿಂದ ನಿಜ ಏನೆಂದು ನೋಡಲು ಬೇರೆ ದಾರಿಯೂ ಉಳಿಯಲಿಲ್ಲ.

"ಯಾಕೆ ಆಗಲೇ ಹೇಳಲಿಲ್ಲ?" ನನ್ನ ದನಿ ಸ್ವಲ್ಪ ಗಡುಸಾಯಿತು. ಮುಚ್ಚಿಡುವುದೇಕೆ, ನನಗೆ ಸಿಟ್ಟು ಬಂದಿತ್ತು.

"ಹೆದರಿಕೆ," ಎಂದರು. "ಮೊದಲು ಕೆಲಸ ಹೋಗುತ್ತೆ ಅಂತ. ಆಮೇಲೆ ಅಕ್ಕ ಮುಖ ಕೊಟ್ಟು ಮಾತಾಡಲ್ಲ ಅಂತ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳ್ತಾರಲ್ಲ ಅಂತ. ದಿನ ಹೋದಷ್ಟೂ ಕಾರಣ ದೊಡ್ಡದಾಗ್ತಾ ಹೋಯ್ತು."

ಅಕ್ಕ ಮಗ್ಗಕ್ಕೆ ಮರಳಲಿಲ್ಲ. ಬಟ್ಟೆ ಮಡಚುವ ವಿಭಾಗದಲ್ಲಿ ಕೆಲವು ವರ್ಷ ಇದ್ದು ಬಿಟ್ಟರು. ಅವರ ಕಥೆ ಮಾತ್ರ ಗಿರಣಿಯಲ್ಲೇ ಉಳಿಯಿತು. ಹೊಸಬರು ಸೇರಿದಾಗಲೆಲ್ಲ ಸುರಕ್ಷತೆಯ ತರಗತಿ ನಡೆಯುತ್ತದೆ. ಅದರಲ್ಲಿ ಹೆಸರು ಹೇಳದೆ ಈ ಪ್ರಸಂಗ ಹೇಳುತ್ತಾರೆ: ಮೈಮರೆತು ನಿಂತಿದ್ದ ಒಬ್ಬ ಹೆಂಗಸು ಕಣ್ಣು ಕಳೆದುಕೊಂಡಳು. ಹಳಬರೂ ವರ್ಷಕ್ಕೊಮ್ಮೆ ಆ ತರಗತಿಯಲ್ಲಿ ಕೂರಬೇಕು. ಸೂಜಿಯಮ್ಮ ಇಪ್ಪತ್ತೈದು ಸಲ ಕೂತಿದ್ದಾರೆ. ಕಥೆ ವರ್ಷ ವರ್ಷಕ್ಕೆ ಮೈತುಂಬಿಕೊಂಡಿತು. ಮೊದಲು ಮೈಮರೆತಿದ್ದಳು. ಆಮೇಲೆ ಕಿಟಕಿಯಾಚೆ ನೋಡುತ್ತಿದ್ದಳು. ಕಳೆದ ವರ್ಷ ತರಬೇತಿ ಕೊಡುವವರು, ಆಕೆ ಮಗ್ಗದ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು ಎಂದು ಅಭಿನಯಿಸಿ ತೋರಿಸಿದರು. ಇಡೀ ಕೋಣೆ ನಕ್ಕಿತು.

ಆವತ್ತು ಸಂಜೆ ಸೂಜಿಯಮ್ಮ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು.

ಅಕ್ಕನ ಮನೆ ಎರಡು ಬೀದಿ ಆಚೆ. ಈ ಸಲ ಸೂಜಿಯಮ್ಮನ ಜೊತೆ ನಾನೂ ಅಲ್ಲಿಗೆ ಹೋದೆ. ಮಹಡಿ ಮೇಲಿನ ಎರಡು ಕೋಣೆ, ಕಿಟಕಿಯಲ್ಲಿ ಹಳೇ ಡಬ್ಬಗಳಲ್ಲಿ ಬೆಳೆಸಿದ ಗಿಡ. ಅಕ್ಕನಿಗೆ ಐವತ್ತೈದು, ತಂಗಿಗಿಂತ ಎತ್ತರ, ದೊಡ್ಡ ದನಿ. ಎಡಭಾಗಕ್ಕೆ ಯಾರಾದರೂ ಕೂತರೆ ಕತ್ತನ್ನು ಪೂರ್ತಿ ತಿರುಗಿಸಿ ಮಾತಾಡುತ್ತಾರೆ. ಅಕ್ಕನ ಗಂಡ ಚಹಾ ತಂದಿಟ್ಟು, "ನೀವು ಮಾತಾಡಿ, ನಾನಿದ್ರೆ ಮಧ್ಯೆ ಬಾಯಿ ಹಾಕ್ತೀನಿ," ಎಂದು ಒಳಗೆ ಹೋದರು. ಅಲ್ಲಿಂದಲೇ ಎರಡು ಸಲ ಬಾಯಿ ಹಾಕಿದರು.

"ಇವಳು ಹೇಳಿದ್ದು ಕೇಳಿ ನಲವತ್ತು ದಿನ ನಾನು ಮಾತಾಡಲಿಲ್ಲ," ಎಂದರು ಅಕ್ಕ. "ದಿನಾ ಬರೋಳು, ಮೆಟ್ಟಿಲ ಮೇಲೆ ಕೂತ್ಕೊಂಡು ಹೋಗೋಳು. ಬಾಗಿಲು ತೆಗೀಲಿಲ್ಲ. ನಾನು ಒಳಗೆ ಏನು ಮಾಡ್ತಿದ್ದೆ ಗೊತ್ತಾ? ನೆನಪು ಮಾಡ್ಕೊಳ್ತಿದ್ದೆ. ಇಪ್ಪತ್ತೈದು ವರ್ಷ ನಾನೇ ನಂಬಿದ್ದೆ ಸಾರ್, ಎಲ್ಲೋ ನೋಡ್ತಿದ್ದೆ ಅಂತ. ಹಾಲು ಉಕ್ಕಿದರೂ ನನ್ನದೇ ಅಜಾಗರೂಕತೆ ಅಂತ ಬೈಕೊಳ್ತಿದ್ದೆ. ಮಗಳನ್ನ ಎತ್ಕೊಂಡು ರಸ್ತೆ ದಾಟೋಕೆ ನನಗೆ ನಾನೇ ಬಿಡ್ತಿರಲಿಲ್ಲ, ಇವರ ಕೈಗೆ ಕೊಟ್ಟುಬಿಡ್ತಿದ್ದೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಸೂಜಿಯಮ್ಮ ತಲೆ ಎತ್ತಲಿಲ್ಲ.

"ನಲವತ್ತೊಂದನೇ ದಿನ ಬಾಗಿಲು ತೆಗೆದು ಒಂದೇ ಮಾತು ಕೇಳಿದೆ," ಎಂದು ಅಕ್ಕ ಮುಂದುವರಿಸಿದರು. "ಹಾಗಾದ್ರೆ ನನ್ನ ತಪ್ಪಲ್ಲ ಅಲ್ವೇನೇ? ಅಲ್ಲ ಅಕ್ಕ ಅಂದಳು. ಸರಿ, ನನಗೆ ಹೇಳಿದ್ದು ಸಾಲ್ದು, ಎಲ್ಲಿ ಬರೆದಿದಾರೋ ಅಲ್ಲಿ ಹೋಗಿ ತಿದ್ದಿಸು ಅಂದೆ."

ತಂಗಿಯನ್ನು ಕ್ಷಮಿಸಿದ್ದೀರಾ ಎಂದು ಕೇಳಿದೆ. ಇಂಥ ಪ್ರಶ್ನೆ ಕೇಳುವುದು ನಮ್ಮ ಕಸುಬಿನ ಕೆಟ್ಟ ಚಾಳಿ. ಅಕ್ಕ ಪೂರ್ತಿ ತಿರುಗಿ ನನ್ನನ್ನು ನೋಡಿದರು. "ಅದು ಬೇರೆ ಪುಸ್ತಕ. ಅದನ್ನ ಇನ್ನೂ ತೆಗೆದಿಲ್ಲ," ಎಂದರು.

ಸೂಜಿಯಮ್ಮ ಅರ್ಜಿ ಕೊಟ್ಟರು. ಕಚೇರಿಯ ಗುಮಾಸ್ತರು ಓದಿ ತಲೆ ಕೆರೆದುಕೊಂಡರು. ಮುಗಿದ ವರ್ಷದ ಪುಸ್ತಕ ತೆರೆಯುವ ಪದ್ಧತಿ ಇಲ್ಲ ಎಂದರು. ಬೇಕಾದರೆ ಇನ್ನು ಮುಂದೆ ತರಗತಿಯಲ್ಲಿ ಆ ಕಥೆ ಹೇಳದಂತೆ ನೋಡಿಕೊಳ್ಳುತ್ತೇವೆ ಎಂದು ಸಮಾಧಾನ ಮಾಡಿದರು. ಅದನ್ನು ಹೇಳಿದಾಗ ಅಕ್ಕ ಸಿಡಿದರಂತೆ: "ಕಥೆ ಬಿಟ್ಟುಬಿಟ್ರೆ ನಾನು ಅಜಾಗರೂಕಳಾಗೇ ಉಳೀತೀನಲ್ಲ." ಎರಡನೆಯ ಅರ್ಜಿ ಹೋಯಿತು. ಮೂರನೆಯದು ಸುರಕ್ಷತಾ ಅಧಿಕಾರಿಯ ಮೇಜಿಗೆ ಬಂತು. ಆಕೆ ಮೂವತ್ತು ದಾಟದ ಹೆಣ್ಣುಮಗಳು, ಬಂದು ಎರಡು ವರ್ಷ. ಅರ್ಜಿಯನ್ನು ಎರಡು ಸಲ ಓದಿ ಸೂಜಿಯಮ್ಮನನ್ನು ಕರೆಸಿದರು.

"ನಿಮ್ಮ ಮಾತನ್ನ ನಾನು ನಂಬ್ತೀನಿ," ಎಂದರು. "ಆದ್ರೆ ಮಾತಿನ ಮೇಲೆ ದಾಖಲೆ ತಿದ್ದೋಕಾಗಲ್ಲ. ಅಕ್ಕನಿಗೋಸ್ಕರ ತಂಗಿ ಸುಳ್ಳು ಹೇಳ್ತಿದಾಳೆ ಅಂತ ನಾಳೆ ಯಾರಾದ್ರೂ ಅಂದ್ರೆ? ಮಗ್ಗದಲ್ಲಿ ದೋಷ ಇತ್ತು ಅನ್ನೋದಕ್ಕೆ ಗುರುತು ಬೇಕು. ತೋರಿಸಿದ್ರೆ ನಾನೇ ಬರೀತೀನಿ. ಆದ್ರೆ ಒಂದು ತಿಳ್ಕೊಳ್ಳಿ, ಆ ಗುರುತು ನಿಮ್ಮ ಮೇಲೂ ಸಾಕ್ಷಿ ಆಗುತ್ತೆ. ನಿಮಗೆ ನೋಟಿಸ್ ಕೊಡಬೇಕಾಗುತ್ತೆ."

ಗುರುತು ಎಲ್ಲಿಂದ ತರುವುದು? ಗುರುತೇ ಉಳಿಯದಂತೆ ಮಾಡುವುದರಲ್ಲಿ ಸೂಜಿಯಮ್ಮ ಎತ್ತಿದ ಕೈ. ನಾನು ಮೊದಲ ಸಲ ಗಿರಣಿಗೆ ಹೋದಾಗ ವಿಷಯ ಇಲ್ಲಿಗೆ ಬಂದು ನಿಂತಿತ್ತು.

ಎರಡು ವಾರದ ನಂತರ ಅವರ ಫೋನು ಬಂತು. ಬೆಳಗ್ಗೆ ಹತ್ತಕ್ಕೆ ಬನ್ನಿ ಎಂದರು. ನೆಲಮಹಡಿಯಲ್ಲಿ ಮಾದರಿ ಕೋಣೆ ಎಂದು ಒಂದಿದೆ. ತಿದ್ದಿ ಮುಗಿದ ಪ್ರತಿ ತಾನಿನ ಕೊನೆಯ ಒಂದು ಮೀಟರ್ ಕತ್ತರಿಸಿ, ಮಗ್ಗದ ಸಂಖ್ಯೆಯ ಚೀಟಿ ಕಟ್ಟಿ ಅಲ್ಲಿ ಇಡುತ್ತಾರೆ. ಹಳೇ ಗಿರಾಕಿ ಅದೇ ನೇಯ್ಗೆ ಮತ್ತೆ ಕೇಳಿದರೆ ಹೋಲಿಸಿ ನೋಡಲು. ಅಧಿಕಾರಿ ಅಲ್ಲಿನವರಿಂದ ಹಳೇ ಕಪಾಟುಗಳನ್ನೆಲ್ಲ ತೆಗೆಸಿದ್ದರು. ಮೂವತ್ತೇಳನೇ ಮಗ್ಗದ ಆ ನಾಲ್ಕು ತಾನುಗಳಲ್ಲಿ ಮೂರರ ಮಾದರಿ ಸಿಕ್ಕಿತ್ತು. ಅಕ್ಕನೂ ಬಂದಿದ್ದರು. ಕ್ಯಾಮೆರಾ ಹೊರಗಿಡುವುದಾದರೆ ನಾನು ಕೂರಬಹುದು ಎಂದು ಅಧಿಕಾರಿ ಅನುಮತಿ ಕೊಟ್ಟರು.

ಮೊದಲ ತುಂಡಿನ ಮೇಲೆ ಸೂಜಿಯಮ್ಮ ಕೈ ಇಟ್ಟರು. ಅಂಚಿನಿಂದ ಒಂದು ಗೇಣು ಅಳೆದು, ಮೇಲಿಂದ ಕೆಳಗೆ ಬೆರಳು ನಡೆಸಿದರು. "ಇದರಲ್ಲಿ ಇಲ್ಲ." ಎರಡನೆಯದು. ಮೂರು ಸಲ ಹೋಗಿ ಬಂದರು. "ಇದರಲ್ಲೂ ಇಲ್ಲ." ಅಕ್ಕ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಅವರ ಸೀರೆಯ ಸೆರಗು ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

ಮೂರನೆಯ ತುಂಡಿನ ಮೇಲೆ ಬೆರಳು ಅರ್ಧ ದಾರಿಯಲ್ಲಿ ನಿಂತಿತು. ಇನ್ನೂ ನಾಲ್ಕು ಬೆರಳು ಕೆಳಗೆ ಹೋಗಿ ಮತ್ತೆ ನಿಂತಿತು. ಅಧಿಕಾರಿ ಭೂತಗನ್ನಡಿ ತೆಗೆದು ನೋಡಿದರು. ಮೇಲೂ ನೋಡಿದರು, ತಿರುವಿ ಹಾಕಿಯೂ ನೋಡಿದರು. "ನನಗೆ ಏನೂ ಕಾಣ್ತಿಲ್ಲವಲ್ಲ," ಎಂದರು.

"ಕಾಣಲ್ಲ ಮೇಡಂ. ಬಿಚ್ಚಿ ತೋರಿಸ್ತೀನಿ," ಎಂದರು ಸೂಜಿಯಮ್ಮ.

ಮೂವತ್ತೊಂದು ವರ್ಷದಲ್ಲಿ ಅವರು ತಾವು ಹಾಕಿದ ಎಳೆಯನ್ನು ತಾವೇ ಬಿಚ್ಚಿದ್ದು ಇದೇ ಮೊದಲು. ಚಿಮುಟದ ತುದಿಯಿಂದ ಒಂದು ನೂಲನ್ನು ಹಿಡಿದು ತುಸು ತುಸುವೇ ಎಳೆದರು. ಉಗುರುದ್ದದ ನೂಲು ಹೊರಗೆ ಬಂತು. ಅದು ಇದ್ದ ಜಾಗದಲ್ಲಿ ಹೊಕ್ಕಿನ ಎಳೆಯೇ ಇಲ್ಲ. ಎರಡು ಕಡೆಯೂ ಕತ್ತರಿಸಿದ ಮೊನೆ ನಮಗೆಲ್ಲ ಕಾಣುವಂತೆ ಇತ್ತು. ಕೆಳಗಿನದನ್ನೂ ಬಿಚ್ಚಿದರು. ಅದೇ ನೇರಕ್ಕೆ, ಅಷ್ಟೇ ಅಗಲದ ಇನ್ನೊಂದು ಕಿಂಡಿ. ಅಧಿಕಾರಿ ಅಳತೆಪಟ್ಟಿ ಇಟ್ಟು ನೋಡಿದರು. ಎರಡೂ ಅಂಚಿನಿಂದ ಒಂದೇ ದೂರ. ಮಗ್ಗದ ಮೇಲ್ವಿಚಾರಕರನ್ನು ಕರೆಸಿ ತೋರಿಸಿದರು. ಅವರು ಬಗ್ಗಿ ನೋಡಿ, "ಇಂಥ ಮಗ್ಗವನ್ನ ಒಂದು ಗಂಟೆಯೂ ಓಡಿಸಬಾರದಿತ್ತು," ಎಂದರು.

ಅಪಘಾತ ಪುಸ್ತಕ ಬಂತು. ಗುಮಾಸ್ತರು ಬಿಳಿ ಶಾಯಿಯ ಸೀಸೆಯನ್ನೂ ತಂದಿದ್ದರು, ಹಳೇ ಸಾಲು ಅಳಿಸಿ ನೀಟಾಗಿ ಬರೆಯೋಣ ಎಂದು. ಬೇಡ ಎಂದದ್ದು ಅಕ್ಕ. "ಏನು ಬರೆದಿದ್ರಿ ಅನ್ನೋದೂ ಓದೋ ಹಾಗಿರಲಿ." ಅಧಿಕಾರಿ ಹಳೆಯ ಎರಡು ಪದದ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಬರೆದರು: ಮಗ್ಗದ ದೋಷ. ಮೆಂಡಿಂಗ್ ವಿಭಾಗಕ್ಕೆ ತಿಳಿದಿದ್ದೂ ವರದಿಯಾಗಿಲ್ಲ. ಅದರ ಕೆಳಗೆ ಸೂಜಿಯಮ್ಮ ಸಹಿ ಹಾಕಿದರು. ಅಕ್ಕ ಪುಸ್ತಕವನ್ನು ಬಲಗಣ್ಣಿನ ಹತ್ತಿರ ಹಿಡಿದು ಓದಿದರು, ಮತ್ತೊಮ್ಮೆ ಓದಿದರು, ಕೊನೆಗೆ ಗುಮಾಸ್ತರಿಗೆ ಕೊಟ್ಟು ಜೋರಾಗಿ ಓದಿ ಎಂದರು. ಗುಮಾಸ್ತರು ಓದಿದರು. ಅಕ್ಕ ಅತ್ತರು. ತಂಗಿ ಎದ್ದು ಹತ್ತಿರ ಹೋಗಲಿಲ್ಲ, ತನಗೆ ಆ ಹಕ್ಕಿಲ್ಲ ಎಂಬಂತೆ ಕೂತಲ್ಲೇ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕನೇ, "ಬಾ, ಹೊತ್ತಾಯ್ತು," ಎಂದರು. ಇಬ್ಬರೂ ಒಂದೇ ಬಾಗಿಲಿಂದ ಹೊರಗೆ ಹೋದರು.

ಸೂಜಿಯಮ್ಮನಿಗೆ ನೋಟಿಸ್ ಬಂತು. ಎಚ್ಚರಿಕೆ ಕೊಟ್ಟು, ಹಿರಿಯ ಮೆಂಡರ್ ಎಂಬ ಬಿಲ್ಲೆಯನ್ನು ವಾಪಸ್ಸು ಪಡೆದರು. ಕೊನೆಯ ಮೇಜು ಹಾಗೇ ಉಳಿಯಿತು. "ಕಡಿಮೆಯೇ ಆಯ್ತು," ಎಂದು ಅವರು ಫೋನಿನಲ್ಲಿ ಹೇಳಿದರು, ಬೇಸರ ಇದ್ದಂತಿರಲಿಲ್ಲ.

ಕಳೆದ ತಿಂಗಳು ಹೊಸಬರ ತರಗತಿ ನಡೆಯಿತು. ಬೆಂಚುಗಳ ತುಂಬ ಮೂವತ್ತು ಜನ, ನೇಯಲು ಬಂದವರು, ಮೆಂಡಿಂಗಿಗೆ ಬಂದವರು. ಕಥೆ ಹೇಳಲು ಅಧಿಕಾರಿ ಈ ಸಲ ಅಕ್ಕನನ್ನೇ ಕರೆದಿದ್ದರು. ಅಕ್ಕ ಮೈಕು ಬೇಡ ಎಂದು ಪಕ್ಕಕ್ಕಿಟ್ಟರು. "ಇಷ್ಟು ದಿನ ಇಲ್ಲಿ ಒಂದು ಕಥೆ ಹೇಳ್ತಿದ್ರಂತೆ. ಅದರಲ್ಲಿರೋಳು ನಾನೇ. ಆವತ್ತು ನಾನು ತಲೆ ಬಾಚ್ತಿರಲಿಲ್ಲ. ಕೆಲಸ ಮಾಡ್ತಿದ್ದೆ," ಎಂದು ಶುರು ಮಾಡಿ, ಲಾಳಿ ಹಾರಿದ್ದನ್ನೂ ಜಿಗಿತಗಳನ್ನೂ ಬರೆಯದ ಚೀಟಿಗಳನ್ನೂ ಹೇಳಿದರು. ಯಾರೂ ನಗಲಿಲ್ಲ.

ಮೆಂಡಿಂಗಿಗೆ ಸೇರಿದ ಹುಡುಗಿಯೊಬ್ಬಳು ಕೈ ಎತ್ತಿದಳು. "ಬರೀದೆ ಬಿಟ್ಟಿದ್ದು ಯಾರು?"

ಹಿಂದಿನ ಬೆಂಚಿನಿಂದ ಸೂಜಿಯಮ್ಮ ಎದ್ದು ನಿಂತರು. "ನಾನು," ಎಂದರು. "ನಿಮಗೆಲ್ಲ ಸೂಜಿ ಹಿಡಿಯೋದು ಕಲಿಸೋಳೂ ನಾನೇ. ನನ್ನದೊಂದೇ ಆಸೆ. ತಪ್ಪು ಕಂಡ್ರೆ ಸೂಜಿ ಎತ್ತೋಕೆ ಮುಂಚೆ ಚೀಟಿ ಬರೀರಿ. ನಿಮಗೆ ಬೇಕಾದವರ ಮಗ್ಗ ಆದ್ರೆ, ಅವತ್ತೇ ಬರೀರಿ, ನೀವೇ ಕೈಲಿ ಹಿಡ್ಕೊಂಡು ಓಡಿ ಹೋಗಿ ಕೊಡಿ."